ಮೂಸೆಯೊಳಗಿನ ಆಲೂಗಡ್ಡೆ

ಎವಾಲ್ಡ್ ಫ್ರಾನ್ಸನ್‌ಗೆ ಆಲೂಗಡ್ಡೆ ಕಂಡರೆ ನಾಚಿಕೆಯಾಗುತ್ತಿತ್ತು. ನಗಬೇಡಿ, ನಿಜವಾಗಿಯೂ ಹಾಗೇ ಆಗುತ್ತಿತ್ತು. ಸ್ವೀಡನ್ನಿನ ಸ್ಮೋಲಾಂಡಿನ ಕಾಡಿನ ನಡುವೆ ಹುಟ್ಟಿ, ಅರವತ್ತು ದಾಟುವವರೆಗೆ ದಿನವೂ ಬೇಯಿಸಿದ ಆಲೂಗಡ್ಡೆ ತಿಂದೇ ಬೆಳೆದ ಮನುಷ್ಯ, ಒಂದು ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಅದನ್ನು ತಟ್ಟೆಯ ಅಂಚಿಗೆ ತಳ್ಳತೊಡಗಿದ. ಅನ್ನ ಉಣ್ಣುವ ಊರಲ್ಲಿ ಒಬ್ಬ ಅನ್ನ ಬೇಡವೆಂದ ಹಾಗೆ. ಹೆಂಡತಿ ಗುನ್ವೋರ್ ಮೊದಲು ಅವನ ಹೊಟ್ಟೆ ಕೆಟ್ಟಿದೆ ಎಂದುಕೊಂಡಳು. ಆಮೇಲೆ ತನ್ನ ಅಡುಗೆಯ ಮೇಲೇ ಏನೋ ಮುನಿಸಿರಬೇಕೆಂದು ಅವಳೂ ಮುನಿಸಿಕೊಂಡಳು. ಎರಡೂ ಅಲ್ಲವೆಂದು ಗೊತ್ತಾಗುವ ಹೊತ್ತಿಗೆ ಫೆಬ್ರವರಿಯ ಹಿಮ ಕೊಳೆಯಾಗಿತ್ತು, ಒಬ್ಬ ಹೆಣ್ಣುಮಗಳ ಹೆಸರೂ ಅಷ್ಟೇ ಕೊಳೆಯಾಗಿತ್ತು.

ಎವಾಲ್ಡ್ ಗಾಜು ಕರಗಿಸುವವನು. ಅವನ ಅಪ್ಪ ಆಲ್ಗೋಟನೂ ಅದನ್ನೇ ಮಾಡುತ್ತಿದ್ದ. ನಮ್ಮೂರು ಹಾಸೆಲ್‌ಹುಲ್ಟಿನ ಗಾಜಿನ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಬಸ್ಸು ತುಂಬಿಕೊಂಡು ಬರುತ್ತಿದ್ದ ಪ್ರವಾಸಿಗರೆಲ್ಲ ಗಾಜು ಊದುವವರನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಕೊಳವೆಯ ತುದಿಯಲ್ಲಿ ಹೂದಾನಿ ಅರಳುವುದು ನೋಡಲು ಚೆಂದ, ಒಪ್ಪೋಣ. ಆದರೆ ಅವರು ಊದುವ ಗಾಜನ್ನು ಹಿಂದಿನ ದಿನವೇ ಕರಗಿಸಿ, ತಿಳಿಯಾಗಿಸಿ, ಜೇನಿನ ಹದಕ್ಕೆ ತಂದಿಡುವವನ ಕಡೆ ಯಾರೂ ಕತ್ತು ತಿರುಗಿಸುತ್ತಿರಲಿಲ್ಲ. ಊದುವವರು ಮನೆಗೆ ಹೋದಮೇಲೆ ಅವನ ಕೆಲಸ ಶುರು, ಅವರು ಬರುವ ಮೊದಲು ಮುಗಿತಾಯ. ಎವಾಲ್ಡನಿಗಿದ್ದ ಹೆಮ್ಮೆ ಒಂದೇ. ಅವನು ಕೊಟ್ಟ ಗಾಜಿನಲ್ಲಿ ಗುಳ್ಳೆ ಇರುತ್ತಿರಲಿಲ್ಲ. ಬೇರೆಯವರು ಮಕ್ಕಳ ಅಂಕಪಟ್ಟಿ ತೋರಿಸುವ ಹಾಗೆ ಅವನು ಗಾಜಿನ ತುಂಡನ್ನು ಕಿಟಕಿಗೆ ಹಿಡಿದು ತೋರಿಸುತ್ತಿದ್ದ.

ಗುಳ್ಳೆ ಹೋಗಲು ಹಟ ಮಾಡಿದರೆ ಆಲ್ಗೋಟನ ಬಳಿ ಒಂದು ಉಪಾಯವಿತ್ತು. ಹಸಿ ಆಲೂಗಡ್ಡೆಯೊಂದನ್ನು ಉದ್ದನೆಯ ಕಬ್ಬಿಣದ ಸಲಾಕೆಗೆ ಚುಚ್ಚಿ, ಗಾಜು ಕರಗಿಸುವ ಮಣ್ಣಿನ ಪಾತ್ರೆಯ, ಅಂದರೆ ಮೂಸೆಯ, ತಳಕ್ಕೆ ಒತ್ತಿ ಹಿಡಿಯುವುದು. ಆಲೂಗಡ್ಡೆಯ ನೀರು ಆವಿಯಾಗಿ ಮೇಲಕ್ಕೆ ನುಗ್ಗುತ್ತದೆ, ಇಡೀ ಮೂಸೆ ಗಂಜಿಯಂತೆ ಕೊತಕೊತ ಕುದಿಯುತ್ತದೆ, ದೊಡ್ಡ ಗುಳ್ಳೆಗಳು ಸಣ್ಣವನ್ನು ಹೊತ್ತುಕೊಂಡು ಹೊರಗೆ ಹೋಗುತ್ತವೆ. ನಮ್ಮ ಸೀಮೆಯ ಹಳೆಯ ಕರಗಿಸುವವರೆಲ್ಲ ಮಾಡುತ್ತಿದ್ದದ್ದೇ ಇದು. ಮಾಡುತ್ತಿದ್ದರು, ಹೇಳುತ್ತಿರಲಿಲ್ಲ. ಎವಾಲ್ಡ್ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಮ್ಮೆ ಅಪ್ಪ ಸಲಾಕೆ ಹಿಡಿದು ನಿಂತಿದ್ದಾಗಲೇ ಪಟ್ಟಣದ ಎಂಜಿನಿಯರೊಬ್ಬ ಒಳಗೆ ಬಂದ. ಮೂಗು ಹಿಂಡಿಕೊಂಡು, ಮೀನು ಯಾವಾಗ ಹಾಕುತ್ತೀರಿ, ಊಟಕ್ಕೆ ನಿಲ್ಲಲೋ ಹೋಗಲೋ ಎಂದು ಕೇಳಿದ. ಜೊತೆಗೆ ಬಂದವರೆಲ್ಲ ನಕ್ಕರು. ಅಪ್ಪನ ಕತ್ತು ಕೆಂಪಾದದ್ದನ್ನು ಎವಾಲ್ಡ್ ಹಿಂದಿನಿಂದ ನೋಡಿದ. ಬೆಂಕಿಯ ಕೆಂಪು ಯಾವುದು, ಇದು ಯಾವುದು ಎಂದು ತಿಳಿಯದಷ್ಟು ಚಿಕ್ಕವನೇನಲ್ಲ ಅವನು.

ಕಾರ್ಖಾನೆ ಮುಚ್ಚಿತು. ಊದುವವರು ಲಾರಿ ಓಡಿಸಲು ಹೋದರು, ಕೆಲವರು ಮರದ ಮಿಲ್ಲಿಗೆ ಸೇರಿದರು. ಕಟ್ಟಡದ ಒಂದು ತುದಿಯನ್ನು ಗಾಜಿನ ಸಂಶೋಧನಾ ಕೇಂದ್ರವೊಂದು ಬಾಡಿಗೆಗೆ ಹಿಡಿಯಿತು. ಅದರ ಮುಖ್ಯಸ್ಥ ಪೊಂಟುಸ್, ಕುತ್ತಿಗೆಗೆ ಶಾಲು ಸುತ್ತಿಕೊಂಡೇ ಕುಲುಮೆಯ ಮುಂದೆ ನಿಲ್ಲುವ ಆಸಾಮಿ, ಹಳೆಯ ಕುಲುಮೆಯ ಜೊತೆಗೆ ಹಳೆಯ ಎವಾಲ್ಡನನ್ನೂ ಇಟ್ಟುಕೊಂಡ. ಸೇರುವ ದಿನ ಪೊಂಟುಸ್ ಏನೋ ಸೂಚನೆ ಕೊಡಲು ಬಾಯಿ ತೆರೆದದ್ದೇ ತಡ, ಕರಗಿಸುವುದನ್ನು ನನಗೆ ಕಲಿಸಬೇಡ ಎಂದುಬಿಟ್ಟ ಎವಾಲ್ಡ್. ಆಮೇಲೆ ಈ ಮಾತು ಅವನ ಗಂಟಲಿಗೇ ಮುಳ್ಳಾಯಿತು.

ಯೊರುನ್ ಬಂದದ್ದು ಅದಾದ ಎರಡು ವರ್ಷಕ್ಕೆ. ನಾರ್ವೆಯವಳು, ಮೂವತ್ತರ ಆಸುಪಾಸು, ಮೊಣಕೈ ಹರಿದ ಉಣ್ಣೆಯ ಸ್ವೆಟರು, ಜೋರು ನಗು. ಎಲ್‌ಇಡಿ ದೀಪಕ್ಕೆ ಹೊಸ ಗಾಜು ಮಾಡುವುದು ಅವಳ ಕೆಲಸ. ನಮ್ಮ ಮನೆಗಳ ದೀಪದಲ್ಲಿ ಬಿಳಿ ಬೆಳಕು ಹುಟ್ಟುವುದೇ ಇಲ್ಲ. ಒಳಗಿರುವ ಚಿಪ್ ಕೊಡುವುದು ನೀಲಿಯನ್ನೋ ನೇರಳೆಯನ್ನೋ. ಅದರ ಮೇಲೆ ಮೆತ್ತಿದ ಪುಡಿ ಆ ಬೆಳಕನ್ನು ಕುಡಿದು ಬೇರೆ ಬಣ್ಣ ಉಗುಳುತ್ತದೆ, ಎಲ್ಲ ಬೆರೆತು ಬಿಳಿಯಾಗುತ್ತದೆ. ಪುಡಿಯನ್ನು ಹಿಡಿದಿಡುವ ಅಂಟು ಕಾವಿಗೆ ಹಳದಿಗಟ್ಟುತ್ತದೆ, ದೀಪದ ಬಣ್ಣ ಕೆಡುತ್ತದೆ. ಅಂಟು ಬೇಡ, ಪುಡಿಯೂ ಬೇಡ, ಬೆಳಗುವ ಧಾತುವನ್ನು ಗಾಜಿನೊಳಗೇ ಕರಗಿಸಿಬಿಡೋಣ, ಗಾಜಿಗೆ ಕಾವಿನ ಭಯವಿಲ್ಲವಲ್ಲ, ಇದು ಯೊರುನಳ ಹಟ. ಅವಳ ಗಾಜಿನಲ್ಲಿ ಟೆರ್ಬಿಯಂ ಹಸಿರು ಕೊಡುತ್ತಿತ್ತು, ಯುರೋಪಿಯಂ ಕೆಂಪು ಕೊಡುತ್ತಿತ್ತು. ನೀಲಿ ಮಾತ್ರ ಸಾಲುತ್ತಿರಲಿಲ್ಲ. ಪರೀಕ್ಷೆಗೆಂದು ನೇರಳೆ ಬೆಳಕಿನ ಟಾರ್ಚು ಹಿಡಿದರೆ ಗಾಜು ಮಾಗಿದ ಹಣ್ಣಿನಂತೆ ಹಳದಿಗೆಂಪಾಗಿ ಹೊಳೆಯುತ್ತಿತ್ತೇ ಹೊರತು ಬಿಳಿಯಾಗುತ್ತಿರಲಿಲ್ಲ.

ಇಬ್ಬರಿಗೂ ಹೊಂದಿಕೊಂಡಿತು. ಅವಳು ಕುಲುಮೆಯ ಪಕ್ಕ ಮಗುಚಿದ ಪೆಟ್ಟಿಗೆಯ ಮೇಲೆ ಕುಳಿತು ಅವನ ಫ್ಲಾಸ್ಕಿನ ಕಾಫಿಯನ್ನೇ ಕುಡಿಯುತ್ತಿದ್ದಳು. ನಮ್ಮಲ್ಲಿ ಹಿರಿಯ ಕಿರಿಯರೆನ್ನದೆ ಎಲ್ಲರಿಗೂ ನೀನು, ಎಲ್ಲರಿಗೂ ಬರೀ ಹೆಸರು. ಅವಳ ನಾರ್ವೆಯ ಮಾತು ಅವನಿಗೆ ಅರ್ಧ, ಅವನ ಸ್ಮೋಲಾಂಡಿನ ಮಾತು ಅವಳಿಗೆ ಅರ್ಧ. ಉಳಿದರ್ಧಕ್ಕೆ ಇಬ್ಬರೂ ನಗುತ್ತಿದ್ದರು. ಅವಳು ಹಾಕಿದ ಕಟ್ಟುಪಾಡು ಒಂದೇ ಒಂದು.

"ಮೂಸೆಯೊಳಗೆ ಏನೇ ಬಿದ್ರೂ ನಂಗೆ ಹೇಳ್ಬೇಕು ಎವಾಲ್ಡ್. ಒಂದು ಕೂದಲು ಬಿದ್ರೂ."

"ನನ್ ತಲೆ ನೋಡಿ ಮಾತಾಡು," ಎಂದು ಅವನು ಟೋಪಿ ತೆಗೆದು ಬೋಳುತಲೆ ತೋರಿಸಿದ್ದ.

ನವೆಂಬರಿನಲ್ಲಿ ದೀಪ ತಯಾರಿಸುವ ಕಂಪನಿಯೊಂದರ ಜನ ನೋಡಲು ಬರುತ್ತೇವೆಂದರು. ಬೆರಳುಗಾತ್ರದ ತುಂಡು ತೋರಿಸಿದರೆ ಆಗದು, ಅಂಗೈಯಗಲದ ಫಲಕಗಳೇ ಬೇಕಂತೆ. ಹಾಗಾಗಿ ಪುಟ್ಟ ಮೂಸೆ ಬಿಟ್ಟು, ಹಳೆಯ ಕುಲುಮೆಯಲ್ಲಿ ದೊಡ್ಡ ಮಣ್ಣಿನ ಮೂಸೆ ಇಟ್ಟರು. ಗಾಜು ಕರಗಿತು, ಗುಳ್ಳೆ ಹೋಗಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎವಾಲ್ಡ್ ಕಾವು ಏರಿಸಿದ, ಕಾದ, ಮಾದರಿ ತೆಗೆದು ಕಿಟಕಿಗೆ ಹಿಡಿದ; ಸೋಡಾ ಸೀಸೆಯ ಹಾಗೆ ಗುಳ್ಳೆಯೇ ಗುಳ್ಳೆ. ಯೊರುನ್ ಇಣುಕಿ ನೋಡಿ, ನಿಮ್ಮ ಸ್ವೀಡನ್ನಿನ ಗುಳ್ಳೆಗಳೂ ಚೀಟಿ ತೆಗೆದುಕೊಂಡು ಸರದಿಯಲ್ಲಿ ನಿಂತಿರಬೇಕು, ಒಂದೂ ನುಗ್ಗುತ್ತಿಲ್ಲ ನೋಡು ಎಂದಳು. ಇರಲಿ ಬಿಡು, ಅವರು ನೋಡುವುದು ಬೆಳಕನ್ನು, ಗುಳ್ಳೆಯನ್ನಲ್ಲ ಎಂದು ಹೇಳಿ ಅತಿಥಿಗಳಿಗೆ ಕೋಣೆ ಗೊತ್ತುಮಾಡಲು ಹೊರಟುಹೋದಳು.

ಅವಳಿಗೆ ಇರಲಿ ಎನ್ನುವುದು ಸುಲಭ. ಎವಾಲ್ಡ್ ಮಾದರಿಯನ್ನು ಮತ್ತೆ ಕಿಟಕಿಗೆ ಹಿಡಿದ. ನಾಳೆ ಹೊರಗಿನವರು ಬಂದು ಈ ಗುಳ್ಳೆಗಾಜನ್ನು ಕೈಯಲ್ಲಿ ತಿರುಗಿಸಿ, ಇದೇನಾ ಹಾಸೆಲ್‌ಹುಲ್ಟಿನ ಗಾಜು ಎಂದರೆ? ತನ್ನ ಮಾನ ಕಾಪಾಡಿಕೊಳ್ಳುವ ಭರದಲ್ಲಿ ಅವನಿಗೆ ಬೇರೆ ಯಾವುದೂ ನೆನಪಾಗಲಿಲ್ಲ. ಕಟ್ಟುಪಾಡು ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ನೆನಪಾಯಿತು, ಆದರೆ ಆಲೂಗಡ್ಡೆ ಒಂದು ವಸ್ತುವೇ, ಅದು ಉರಿದುಹೋಗುವುದಲ್ಲವೇ ಎಂದುಕೊಂಡ. ಗುನ್ವೋರ್ ಅಂಗಡಿಯಿಂದ ತರಹೇಳಿದ್ದ ಆಲೂಗಡ್ಡೆ ಚೀಲದಲ್ಲೇ ಇತ್ತು. ಬಾಗಿಲು ಹಾಕಿ, ದಪ್ಪನೆಯದೊಂದನ್ನು ಸಲಾಕೆಗೆ ಚುಚ್ಚಿ ಒಳಗೆ ಇಳಿಸಿದ. ಗಾಜು ಗಂಜಿಯ ಹಾಗೆ ಕುದಿಯಿತು. ಅಪ್ಪನ ಕಾಲದ ವಾಸನೆಯೇ ಮೂಗಿಗೆ ಬಡಿಯಿತು. ಕುದಿ ಇಳಿದಾಗ ಮೂಸೆಯ ಗಾಜು ತಿಳಿನೀರಾಗಿತ್ತು, ಎವಾಲ್ಡ್ ಬಾಗಿಲು ತೆರೆದು ವಾಸನೆ ಹೊರಗೆ ಬಿಟ್ಟ.

ಮರುದಿನ ಆರಿದ ಫಲಕಕ್ಕೆ ಯೊರುನ್ ಅತಿಥಿಗಳ ಮುಂದೆಯೇ ಟಾರ್ಚು ಬಿಟ್ಟಳು. ಬಿಳಿ. ಹಿಮ ಬಿದ್ದ ಮರುಬೆಳಗಿನ ಬಿಳಿ. ಅವಳು ಟಾರ್ಚು ಆರಿಸಿ ಮತ್ತೆ ಹಚ್ಚಿದಳು, ಮತ್ತೆ ಆರಿಸಿದಳು, ಮತ್ತೆ ಹಚ್ಚಿದಳು. ಬಂದವರು ಎದ್ದು ನಿಂತರು. ಫಲಕವನ್ನು ನಿಧಾನವಾಗಿ ತಣಿಸಿದ್ದಕ್ಕೇ ನೀಲಿ ಎದ್ದಿದೆ, ತಾನು ಬಹಳ ದಿನದಿಂದ ಹೇಳುತ್ತಿದ್ದದ್ದೇ ಇದು ಎಂದು ಅವಳು ಏದುಸಿರು ಬಿಡುತ್ತಾ ವಿವರಿಸಿದಳು. ಆಮೇಲೆ ಕುಲುಮೆಯ ಕಡೆ ಕೈ ತೋರಿಸಿ, ಇದು ನನ್ನ ತಲೆಯಷ್ಟೇ ಅಲ್ಲ, ಎವಾಲ್ಡನ ಕೈ ಎಂದಳು. ಎಲ್ಲರೂ ಅವನತ್ತ ತಿರುಗಿ ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಮೊದಲ ಸಲ ಬಿದ್ದ ಚಪ್ಪಾಳೆ. ಅವನು ಟೋಪಿ ತೆಗೆದು ಬಾಗಿದ, ಅಂದು ಮನೆಗೆ ಹೋಗಿ ಹೆಂಡತಿಗೆ ಎರಡೆರಡು ಸಲ ಹೇಳಿದ.

ಕಂಪನಿಯವರು ಇನ್ನಷ್ಟು ಫಲಕ ಕೇಳಿದರು. ಯೊರುನ್ ತಾನು ಕಂಡುಕೊಂಡದ್ದನ್ನು ದೊಡ್ಡ ಸಮ್ಮೇಳನದಲ್ಲಿ ಹೇಳಿ ಬಂದಳು. ಆಮೇಲೆ ಮತ್ತೆ ಕರಗಿಸಿದರು, ಹಣ್ಣಿನ ಬಣ್ಣ. ಇನ್ನೂ ನಿಧಾನವಾಗಿ ತಣಿಸಿದರು; ಹಣ್ಣಿನ ಬಣ್ಣ. ಜರ್ಮನಿಯ ಪ್ರಯೋಗಾಲಯವೊಂದು ಅವಳು ಬರೆದ ಪಾಕದ ಅಳತೆಯಂತೆಯೇ ಮಾಡಿ ನೋಡಿ, ಬಿಳಿ ಬರಲಿಲ್ಲವೆಂದು ತಿಳಿಸಿತು. ಕ್ರಿಸ್ಮಸ್ಸಿಗೆ ಮೊದಲು ಒಂದು ಮಧ್ಯಾಹ್ನ ಅವಳು ಪೆಟ್ಟಿಗೆಯ ಮೇಲೆ ಕುಳಿತು, ಕಾಫಿ ಮುಟ್ಟದೆ ಯೋಚಿಸುತ್ತಿದ್ದಳು.

"ಯುರೋಪಿಯಂ ಬಣ್ಣ ಬದಲಾಯಿಸುತ್ತೆ, ಗೊತ್ತಾ? ಅದರ ಆಮ್ಲಜನಕ ಕಿತ್ಕೊಂಡ್ರೆ ಕೆಂಪು ಬಿಟ್ಟು ನೀಲಿ ಆಗುತ್ತೆ. ಅವತ್ತಿನ ಗಾಜಲ್ಲಿ ಅರ್ಧ ಹಾಗಾಗಿದೆ. ಮೂಸೆಯೊಳಗೆ ಏನೋ ಸುಟ್ಟು ಇದ್ದಿಲಾಗಿ ಆಮ್ಲಜನಕ ಎಳ್ಕೊಂಡ ಹಾಗಿದೆ ಎವಾಲ್ಡ್. ಏನಾದ್ರೂ ಬಿತ್ತಾ ಅವತ್ತು?"

ಎವಾಲ್ಡನಿಗೆ ಆ ಕ್ಷಣವೇ ಎಲ್ಲ ತಿಳಿಯಿತು. ತಿಳಿದ ಕೂಡಲೇ ಕಿವಿಯವರೆಗೂ ಬಿಸಿಯಾಯಿತು. ಆಲೂಗಡ್ಡೆ ಎನ್ನಬೇಕು. ಓದಿದವಳ ಮುಂದೆ, ಕೂದಲು ಬಿದ್ದರೂ ಹೇಳೆಂದವಳ ಮುಂದೆ, ಕರಗಿಸುವುದನ್ನು ಕಲಿಸಬೇಡ ಎಂದ ಬಾಯಿಂದಲೇ ಆಲೂಗಡ್ಡೆ ಎನ್ನಬೇಕು. ಚಪ್ಪಾಳೆ ತಟ್ಟಿಸಿಕೊಂಡ ಮೇಲೆ. ಮೂಗು ಹಿಂಡಿಕೊಂಡ ಆ ಎಂಜಿನಿಯರು ಎಲ್ಲಿಂದಲೋ ಬಂದು ಎದುರಿಗೇ ನಿಂತ ಹಾಗಾಯಿತು.

"ಏನೂ ಇಲ್ಲ," ಎಂದ.

ಜನವರಿಯಲ್ಲಿ ಪೊಂಟುಸ್ ಇಬ್ಬರನ್ನೂ ಕೋಣೆಗೆ ಕರೆದ. ಅತಿಥಿಗಳಿಗೆ ತೋರಿಸಿದ ಫಲಕ ನಿಜವಾಗಿಯೂ ಈ ಮೂಸೆಯದ್ದೇ, ಇಲ್ಲಾ ಎಲ್ಲಿಂದಾದರೂ ತಂದದ್ದೇ ಎಂದು ಯೊರುನಳನ್ನು ಬಹಳ ನಯವಾಗಿ ಕೇಳಿದ. ನಯವಾಗಿ ಕೇಳಿದ ಪ್ರಶ್ನೆ ಹೆಚ್ಚು ಉರಿಯುತ್ತದೆ. ಅವಳ ತುಟಿ ಬಿಳುಚಿತು. ಎವಾಲ್ಡನನ್ನು ಕೇಳು, ಅವನೇ ಸುರಿದದ್ದು ಎಂದಳು. ಫಲಕ ನಮ್ಮದೇ ಎಂದ ಎವಾಲ್ಡ್, ಅದು ಸತ್ಯ. ಹಾಗಾದರೆ ಪಾಕದಲ್ಲಿಲ್ಲದ್ದು ಏನಾದರೂ ಮೂಸೆಗೆ ಹೋಗಿತ್ತೇ ಎಂದು ಕೇಳಿದ ಪೊಂಟುಸ್. ಎವಾಲ್ಡ್ ನೆಲ ನೋಡಿಕೊಂಡು ಇಲ್ಲವೆಂದ, ಅದು ಎರಡನೆಯ ಸಲ. ಮೊದಲನೆಯ ಇಲ್ಲ ಬಾಯಿಂದ ಜಾರಿದ್ದು. ಇದನ್ನು ಅವನು ಕೈಯಾರೆ ತೆಗೆದು ಮೇಜಿನ ಮೇಲಿಟ್ಟ. ಅಷ್ಟಾದ ಮೇಲೆ ಉಳಿದದ್ದು ಒಂದೇ ಅರ್ಥ. ಪಾಕದಲ್ಲಿ ಬಾರದ ಬೆಳಕು, ಮೂಸೆಗೆ ಬೀಳದ ವಸ್ತು, ಅಂದರೆ ಫಲಕದ ಮೇಲೆ ಅವಳೇ ಏನೋ ಕೈಚಳಕ ಮಾಡಿದ್ದಾಳೆ. ಯಾರೂ ಹಾಗೆಂದು ಹೇಳಲಿಲ್ಲ. ವಸಂತಕ್ಕೆ ಅವಳ ಕೆಲಸದ ಅವಧಿ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದಷ್ಟೇ ಹೇಳಿದರು.

ಊರೆಂದ ಮೇಲೆ ಬಾಯಿ ಇದ್ದೇ ಇರುತ್ತದಲ್ಲ. ಅಂಗಡಿಯ ಮೂಲೆಯ ಕಾಫಿ ಮೇಜಿನಲ್ಲಿ ಹಳೆಯ ಊದುವವನೊಬ್ಬ, ನಾರ್ವೆಯವಳು ಬಿಳಿ ಬೆಳಕು ಕಂಡುಹಿಡಿದದ್ದು ಹೇಗೆ ಗೊತ್ತೇ, ಕಿಟಕಿಯ ಪರದೆ ಸರಿಸಿದಳಂತೆ ಎಂದ. ನಾರ್ವೆಯವರ ಮೇಲೆ ನಗೆಹನಿ ಕಟ್ಟುವುದು ನಮಗೆ ಹುಟ್ಟಿನಿಂದ ಬಂದ ಚಾಳಿ. ಮೇಜು ಪೂರ್ತಿ ನಕ್ಕಿತು. ಎವಾಲ್ಡನೂ ನಕ್ಕ. ಸುಮ್ಮನಿರಬಹುದಿತ್ತು, ಎದ್ದುಹೋಗಬಹುದಿತ್ತು. ಅವನು ಜೋರಾಗಿಯೇ ನಕ್ಕ, ಸುಮ್ಮನಿದ್ದರೆ ಎಲ್ಲಿ ಗೊತ್ತಾಗಿಬಿಡುವುದೋ ಎಂದು. ಮನೆಗೆ ನಡೆದು ಬರುವಾಗ ತನ್ನ ನಗು ತನ್ನ ಕಿವಿಯಲ್ಲೇ ಕೇಳುತ್ತಿತ್ತು, ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅಂದು ಗುನ್ವೋರ್ ಬಡಿಸಿದ ಆಲೂಗಡ್ಡೆಯನ್ನು ಅವನು ತಿನ್ನಲಾರದೆ ತಟ್ಟೆಯ ಅಂಚಿಗೆ ತಳ್ಳಿದ.

ವಾರಗಟ್ಟಲೆ ಇದು ನಡೆದ ಮೇಲೆ ಗುನ್ವೋರ್ ಒಂದು ಭಾನುವಾರ ಚಮಚ ಕೆಳಗಿಟ್ಟು ಕೈಕಟ್ಟಿ ಕುಳಿತಳು. ಹೇಳದೆ ಏಳುವ ಹಾಗಿಲ್ಲ ಎಂದಳು. ಅವನು ಹೇಳಿದ. ಆಲೂಗಡ್ಡೆಯ ತನಕ ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ನಿಮ್ಮಪ್ಪನ ಮಗನೇ ನೀನು ಎಂದಳು. ಯೊರುನಳ ಸಂಗತಿ ಬಂದಾಗ ನಗು ಅರ್ಧಕ್ಕೇ ನಿಂತಿತು.

"ಆ ಹುಡುಗಿ ಇದೇ ಮೇಜಲ್ಲಿ ಕೂತು ಊಟ ಮಾಡಿದ್ದಾಳೆ ಎವಾಲ್ಡ್. ನಂಗೆ ಉಣ್ಣೆ ಕೈಗವಸು ಹೆಣೆದು ಕೊಟ್ಟಿದ್ದಾಳೆ. ಆಲೂಗಡ್ಡೆ ಹಾಕಿದ್ದಕ್ಕೆ ನಿಂಗೆ ನಾಚಿಕೆ. ಅವಳನ್ನ ಕಳ್ಳಿ ಮಾಡಿದ್ದಕ್ಕೆ?"

ನಾಳೆಯೇ ಹೇಳುತ್ತೇನೆ ಎಂದ. ಅವಳು ತಟ್ಟೆಗಳನ್ನು ಸದ್ದು ಮಾಡಿಕೊಂಡು ಎತ್ತಿದಳು.

ಮರುದಿನ ಹೇಳಲೆಂದೇ ಹೋದ. ಯೊರುನಳ ಕೋಣೆಯ ಬಾಗಿಲು ತೆರೆದಿತ್ತು. ಅವಳು ನೆಲದ ಮೇಲೆ ಕುಳಿತು ಗಾಜಿನ ಮಾದರಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದಳು. ಅವನನ್ನು ಕಂಡು ಮುಖ ಅರಳಿಸಿದಳು. ಕೆಲಸ ಬಿಡು, ಇಲ್ಲಿ ಕೂರು ಎಂದು ಪಕ್ಕದ ಜಾಗ ತಟ್ಟಿದಳು. ಈಗೀಗ ತನಗೇ ತನ್ನ ಮೇಲೆ ಅನುಮಾನ ಬರುತ್ತದೆ, ಟಾರ್ಚು ಬಿಟ್ಟದ್ದು ಸರಿಯಿತ್ತೋ ಇಲ್ಲವೋ, ಅಂದು ಕಂಡದ್ದೇ ನಿಜವೋ ಅಲ್ಲವೋ ಎಂದು ಹೇಳಿಕೊಂಡಳು. ನಾರ್ವೆಯಲ್ಲಿರುವ ಅಮ್ಮನಿಗೆ ಫೋನು ಮಾಡಿ ಏನೆಂದು ಹೇಳಬೇಕೋ ತಿಳಿಯುತ್ತಿಲ್ಲವಂತೆ. ಎವಾಲ್ಡ್ ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಮಾತು ಮುಂದುವರಿಸಿದಳು.

"ಇಡೀ ಊರಲ್ಲಿ ನನ್ನ ಮೇಲೆ ಅನುಮಾನ ಪಡದವನು ನೀನೊಬ್ಬನೇ."

ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಅವನು ತೆರೆದ ಬಾಯಿ ಮುಚ್ಚಿ, ಅವಳ ಪಕ್ಕ ಕುಳಿತು, ಗಾಜಿನ ತುಂಡುಗಳನ್ನು ಪತ್ರಿಕೆಯಲ್ಲಿ ಸುತ್ತಿಕೊಟ್ಟ. ಅವಳ ಗಂಟುಮೂಟೆ ಕಟ್ಟಲು ಕೈಜೋಡಿಸಿದ ಎನ್ನಿ. ಸಂಜೆ ಮನೆಯಲ್ಲಿ ಗುನ್ವೋರ್ ಕೇಳಲಿಲ್ಲ, ಮುಖ ನೋಡಿಯೇ ತಿಳಿದುಕೊಂಡಳು, ಮಾತು ಬಿಟ್ಟಳು.

ಹಾಸೆಲ್‌ಹುಲ್ಟಿನಲ್ಲಿ ಯಾರನ್ನೇ ಬೀಳ್ಕೊಡುವುದಿದ್ದರೂ ಕುಲುಮೆಯ ಮುಂದೆಯೇ ಊಟ. ಕುಲುಮೆಯ ಕಾವಿನಲ್ಲಿ ಉಪ್ಪಿನ ಹೆರಿಂಗ್ ಮೀನನ್ನು ಈರುಳ್ಳಿ, ಕೆನೆಯ ಜೊತೆ ಸುಡುತ್ತಾರೆ, ಹುಳಿ ಸಾಸೇಜನ್ನು ಸುಡುತ್ತಾರೆ, ಗಾಜನ್ನು ನಿಧಾನವಾಗಿ ತಣಿಸುವ ಗೂಡಿನಲ್ಲಿ ಆಲೂಗಡ್ಡೆ ಬೇಯಿಸುತ್ತಾರೆ. ಹಿಂದೆ ಕಾಡಿನ ಅಲೆಮಾರಿಗಳೂ ಕುಲುಮೆಯ ಬಿಸುಪಿಗೆ ಬಂದು ಕೂರುತ್ತಿದ್ದ ಕಾಲದಿಂದ ಬಂದ ಪದ್ಧತಿ. ಯೊರುನಳನ್ನು ಕಳಿಸಿಕೊಡಲು ಮಾರ್ಚಿನಲ್ಲಿ ಹಲಗೆ ಜೋಡಿಸಿ ಉದ್ದನೆಯ ಮೇಜು ಮಾಡಿದರು. ಕೇಂದ್ರದವರು ಬಂದರು, ಊರವರೂ ಬಂದರು, ಕಿಟಕಿ ಪರದೆಯ ನಗೆಹನಿಯವನೂ ಬಂದ. ಅಡುಗೆಯ ಉಸ್ತುವಾರಿ ಗುನ್ವೋರಳದ್ದು. ಯೊರುನ್ ಒಂದೇ ಒಂದು ಆಸೆ ಹೇಳಿದ್ದಳು. ಹೋಗುವ ಮೊದಲು ಕೊನೆಯದಾಗಿ ಒಮ್ಮೆ ತನ್ನ ಪಾಕವನ್ನು ಕರಗಿಸಬೇಕು, ಬಿಳಿ ಬರುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿಯೇ ಹೋಗುತ್ತೇನೆ ಎಂದು. ಹೀಗಾಗಿ ಜನ ಊಟಕ್ಕೆ ಕುಳಿತಾಗ ಎವಾಲ್ಡನ ಬೆನ್ನಹಿಂದೆ ಮೂಸೆ ತುಂಬ ಗಾಜು ಕರಗಿ ನಿಂತಿತ್ತು.

ಮೀನು ಬಡಿಸಿದ ಮೇಲೆ ಪೊಂಟುಸ್ ಎದ್ದು ಮಾತಾಡಿದ. ಒಳ್ಳೆಯ ಮಾತುಗಳನ್ನೇ ಆಡಿದ. ಸಂಶೋಧನೆಯಲ್ಲಿ ಉತ್ಸಾಹ ಬೇಕು, ಕೆಲವೊಮ್ಮೆ ಉತ್ಸಾಹ ನಮ್ಮನ್ನು ಮುಂದಕ್ಕೆ ಎಳೆದುಕೊಂಡು ಹೋಗಿಬಿಡುತ್ತದೆ, ಎಲ್ಲರೂ ಮನುಷ್ಯರೇ, ಯಾರ ಮೇಲೂ ಯಾರಿಗೂ ಕಹಿಯಿಲ್ಲ. ಕ್ಷಮಿಸುವ ದನಿ. ಮೇಜಿನ ಸುತ್ತ ತಲೆಗಳು ದೊಡ್ಡ ಮನಸ್ಸಿನಿಂದ ಅಲ್ಲಾಡಿದವು. ಯೊರುನ್ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದಳು, ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತಿದ್ದಳು. ಅವಳ ಕತ್ತು ಕೆಂಪಾಗಿತ್ತು.

ಆ ಕೆಂಪನ್ನು ಎವಾಲ್ಡ್ ಹಿಂದೊಮ್ಮೆ ನೋಡಿದ್ದ, ಅಪ್ಪನ ಕತ್ತಿನಲ್ಲಿ. ಇವಳು ಯಾಕೆ ನಾಚಬೇಕು ಎಂದುಕೊಂಡ. ಈ ನಾಚಿಕೆ ನನ್ನದು. ನಾನು ಹೊರಲಾರದೆ ಇಳಿಸಿದ್ದನ್ನು ಇವಳು ಏನೆಂದೂ ಕೇಳದೆ ಹೊತ್ತು ಕುಳಿತಿದ್ದಾಳೆ, ಹೊತ್ತುಕೊಂಡೇ ರೈಲು ಹತ್ತುತ್ತಾಳೆ.

ಅವನು ಎದ್ದ. ಗುನ್ವೋರಳ ಬುಟ್ಟಿಯಲ್ಲಿ ಬೇಯಿಸದೆ ಉಳಿದ ಆಲೂಗಡ್ಡೆಗಳಿದ್ದವು. ದಪ್ಪನೆಯದೊಂದನ್ನು ಆರಿಸಿದ. ಗುನ್ವೋರ್ ನೋಡಿದಳು, ತಡೆಯಲಿಲ್ಲ, ಸಲಾಕೆಯನ್ನು ಅವಳೇ ಎತ್ತಿಕೊಟ್ಟಳು. ಎಲ್ಲರ ಎದುರಿಗೇ ಅವನು ಆಲೂಗಡ್ಡೆಯನ್ನು ಚುಚ್ಚಿ, ಕುಲುಮೆಯ ಬಾಯಿ ತೆರೆದು, ಮೂಸೆಯ ತಳಕ್ಕೆ ಒತ್ತಿ ಹಿಡಿದ. ಪೊಂಟುಸನ ಮಾತು ನಿಂತಿತು. ಗಾಜು ಕೊತಕೊತ ಕುದಿಯಿತು, ಸುಟ್ಟ ಆಲೂಗಡ್ಡೆಯ ವಾಸನೆ ಮೇಜನ್ನು ಮುಟ್ಟಿತು. ಊಟಕ್ಕೆ ಮೀನು ಸಾಲದಾಯ್ತೇನೋ ಎಂದು ನಗೆಹನಿಯವನು ಶುರುಮಾಡಿದ. ಯಾರೂ ನಗಲಿಲ್ಲ.

"ನವೆಂಬರಲ್ಲಿ ಇದನ್ನೇ ಹಾಕಿದ್ದೆ," ಎಂದ ಎವಾಲ್ಡ್, ಕುಲುಮೆಯ ಕಡೆಯೇ ಮುಖ ಮಾಡಿಕೊಂಡು. "ಗುಳ್ಳೆ ಹೋಗ್ಲಿ ಅಂತ. ಫಲಕದಲ್ಲಿ ಅವಳು ಮೋಸ ಮಾಡಿಲ್ಲ. ನನ್ನ ಕೇಳಿದ್ರು, ಇಲ್ಲ ಅಂದೆ. ಎರಡು ಸಲ ಕೇಳಿದ್ರು, ಎರಡು ಸಲವೂ ಇಲ್ಲ ಅಂದೆ."

ಕುದಿ ಇಳಿಯುವವರೆಗೆ ಎಲ್ಲರೂ ಕಾದರು. ಮೀನು ತಣ್ಣಗಾಯಿತು. ಅವನು ಸಲಾಕೆಯ ತುದಿಯಲ್ಲಿ ಒಂದಿಷ್ಟು ಗಾಜು ತೆಗೆದು ಕಬ್ಬಿಣದ ಹಲಗೆಯ ಮೇಲೆ ಹನಿಸಿದ. ಗೂಡಿನಲ್ಲಿಟ್ಟು ತಣಿಸಲು ಯಾರಿಗೂ ತಾಳ್ಮೆಯಿರಲಿಲ್ಲ. ಹನಿ ಮಂಕಾಯಿತು, ಗಟ್ಟಿಯಾಯಿತು, ಚಟ್ ಎಂದು ನಾಲ್ಕಾರು ಚೂರಾಯಿತು. ಯೊರುನ್ ಬಂದಳು. ಜೇಬಿನಿಂದ ಟಾರ್ಚು ತೆಗೆದಳು, ಅದು ಇನ್ನೂ ಅವಳ ಜೇಬಿನಲ್ಲೇ ಇತ್ತು. ಯಾರೋ ದೀಪ ಆರಿಸಿದರು.

ಹಲಗೆಯ ಮೇಲಿನ ಚೂರುಗಳೆಲ್ಲ ಬಿಳಿಯಾಗಿ ಬೆಳಗಿದವು.

ಅವಳು ಬಹಳ ಹೊತ್ತು ಟಾರ್ಚು ಆರಿಸಲಿಲ್ಲ. ಪೊಂಟುಸ್ ಮೊದಲು ಚೇತರಿಸಿಕೊಂಡ. ಹಾಗಾದರೆ ಎಲ್ಲವೂ ಸರಿಹೋಯಿತಲ್ಲ, ನಾಳೆಯೇ ಕಂಪನಿಗೆ ತಿಳಿಸುತ್ತೇನೆ, ನೀನು ಹೋಗುವ ಅಗತ್ಯವೇ ಇಲ್ಲ ಎಂದು ಶಾಲು ಸರಿಪಡಿಸಿಕೊಳ್ಳುತ್ತಾ ಹೇಳಿದ. ಯೊರುನ್ ಅವನ ಕಡೆ ನೋಡಲೂ ಇಲ್ಲ. ಕಂಪನಿಗೆ ತಿಳಿಸು, ಜರ್ಮನಿಯವರಿಗೂ ತಿಳಿಸು, ನಾನು ಹೋಗುವುದು ಹೋಗುವುದೇ ಎಂದಳು. ಆಮೇಲೆ ಎವಾಲ್ಡನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

"ಅವತ್ತು ನೀನು ನನ್ ಪಕ್ಕ ಕೂತು ಗಾಜು ಸುತ್ತಿಕೊಟ್ಟೆ."

"ಹೌದು."

"ಗೊತ್ತಿದ್ದೂ."

"ಗೊತ್ತಿದ್ದೂ. ನಾಚಿಕೆ ಆಗಿತ್ತು."

"ಆಲೂಗಡ್ಡೆಗಾ?"

"ಮೊದಲು ಆಲೂಗಡ್ಡೆಗೆ," ಎಂದ ಎವಾಲ್ಡ್. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ದೀಪ ಹಾಕಿದರು. ಜನ ಏನು ಮಾಡಬೇಕೆಂದು ತಿಳಿಯದೆ ತಂತಮ್ಮ ಜಾಗಕ್ಕೆ ಹೋಗಿ ಕುಳಿತು, ತಣ್ಣಗಾದ ಮೀನನ್ನು ಕೆದಕತೊಡಗಿದರು. ಎವಾಲ್ಡ್ ಮೇಜಿನ ಕೊನೆಗೆ ಕುಳಿತ. ಎದ್ದುಹೋಗೋಣವೆಂದರೆ ಗುನ್ವೋರ್ ಪಕ್ಕದಲ್ಲೇ ಕುಳಿತು ಅವನ ತೋಳು ಹಿಡಿದಿದ್ದಳು. ಯೊರುನ್ ಗೂಡಿನಿಂದ ಬೆಂದ ಆಲೂಗಡ್ಡೆಯ ತಟ್ಟೆ ತಂದಳು. ಅಷ್ಟು ಜನರಲ್ಲಿ ಬೇರೆ ಯಾರಿಗೂ ಬಡಿಸಲಿಲ್ಲ. ನೇರವಾಗಿ ಅವನ ಎದುರಿಗೆ ಬಂದು, ಒಂದನ್ನು ಎತ್ತಿ, ಬಿಸಿಗೆ ಬೆರಳು ಬದಲಾಯಿಸುತ್ತಾ ಸಿಪ್ಪೆ ಸುಲಿದಳು. ಸುಲಿದದ್ದನ್ನು ಅವನ ತಟ್ಟೆಯ ನಡುವೆ ಇಟ್ಟಳು, ಅಂಚಿಗಲ್ಲ.

"ಜನವರಿಯಿಂದ ನೀನಿದನ್ನ ಮುಟ್ಟಿಲ್ಲ," ಎಂದಳು. "ನಿನ್ನ ಬುತ್ತಿಯಲ್ಲಿ ನಾನು ನೋಡಿದ್ದೆ. ಕಾಯಿಲೆಯೇನೋ ಅಂತ ಹೆದರಿಕೊಂಡಿದ್ದೆ. ತಿನ್ನು."

ಎವಾಲ್ಡ್ ತಿಂದ. ಉಪ್ಪು ಹಚ್ಚಿಕೊಳ್ಳಲಿಲ್ಲ, ಬೆಣ್ಣೆ ಕೇಳಲಿಲ್ಲ. ಮೇಜಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವಳು ಅವನ ಎದುರು ನಿಂತೇ ಇದ್ದಳು, ಕೊನೆಯ ತುತ್ತು ಇಳಿದ ಮೇಲೆ ಇನ್ನೊಂದನ್ನು ಎತ್ತಿಕೊಂಡು ಸುಲಿಯತೊಡಗಿದಳು.